ಎಲ್ಲಿಂದ ಬಂತು ಕರೆಂಟು

ಹೋದ ವಾರ ಬೈಲಹೊಂಗಲದಲ್ಲಿ ಕುಡುಗೋಲು ಹರಿತ ಮಾಡಿಸಲು ಕಮ್ಮಾರರ ಅಂಗಡಿಗೆ ಹೋಗಿದ್ದೆ. ಅವರು ಕುಲುಮೆಯ ಕಲ್ಲಿದ್ದಲಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಉಗರಗೋಳದ ನಮ್ಮ ಪಕ್ಕದ ಮನೆಯ ಚಾಚಾ ನೆನಪಾದರು. ರಜೆಗೆ ಊರಿಗೆ ಬಂದಾಗ ಅವರ ಟ್ರಂಕು ತೆರೆದರೆ ಇದೇ ವಾಸನೆ... ಚಾಚಿ ಎಷ್ಟು ಸಲ ಒಗೆದರೂ ಅಂಗಿಗಳಿಂದ ಹೋಗುತ್ತಿರಲಿಲ್ಲ.

ಚಾಚಾ ದೂರದ ಜಿಲ್ಲೆಯೊಂದರ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ದುಡಿದವರು. ರೈಲಿನಲ್ಲಿ ಬಂದ ಕಲ್ಲಿದ್ದಲನ್ನು ಇಳಿಸಿ, ಬೆಲ್ಟಿನ ಮೇಲೆ ಬಾಯ್ಲರಿಗೆ ಕಳಿಸುವ ಕೆಲಸ. ನಿವೃತ್ತರಾಗಿ ಬರುವ ಹೊತ್ತಿಗೆ ನಮ್ಮ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಎದ್ದು ನಿಂತಿದ್ದವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮೂರವರಿಗೆ ಮಾತ್ರ ಹಿತ್ತಲ ಪಂಖಾಗಳ ಮೇಲೆಯೇ ಭಾರಿ ನಂಬಿಕೆ. ನಮ್ಮ ಕರೆಂಟು ನಮ್ಮ ಗುಡ್ಡದ್ದೇ ಎಂದು ಕಟ್ಟೆಯ ಮೇಲೆ ಯಾರಾದರೂ ಅಂದರೆ ಚಾಚಾ ಮುಖ ಸಣ್ಣದು ಮಾಡಿಕೊಂಡು ಎದ್ದು ಬರುತ್ತಿದ್ದರು. ತಾವು ಜೀವಮಾನವಿಡೀ ಮಾಡಿದ್ದನ್ನೇ ಇಲ್ಲ ಅಂದಂತೆ ಅವರಿಗೆ ಅನಿಸುತ್ತಿತ್ತು.

ಗಾಳಿ ಅಡಗಿ ಪಂಖಾಗಳು ನಿಂತ ಸಂಜೆ ಅವರಿಗೆ ಹಬ್ಬ. ಸವದತ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಮನೆಗೆ ಬರುವ ನನ್ನನ್ನು ಬಾಗಿಲಲ್ಲೇ ತಡೆಯುತ್ತಿದ್ದರು.

"ಗಾಳಿ ನಿಂತೈತಿ, ಬೇಟಿ. ನಿಮ್ಮ ಮನ್ಯಾಗ ದೀಪ ಆರ್ಯಾವೇನು? ನಮ್ಮ ಒಲಿ ಆರಿದ್ರ ಇಡೀ ದೇಶ ಕತ್ತಲಾಕ್ಕೈತಿ. ಇದನ್ನ ನಿನ್ನ ಹುಡುಗ್ರಿಗೆ ಹೇಳು."

ಹೇಳುತ್ತೇನೆ ಅನ್ನುತ್ತಿದ್ದೆ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ; ಹಗಲೂ ರಾತ್ರಿಯೂ ದೇಶದ ವಿದ್ಯುತ್ತಿನ ಹೊರೆಯ ಹೆಚ್ಚಿನ ಪಾಲು ಹೊರುವುದು ಕಲ್ಲಿದ್ದಲೇ. ಆದರೆ ಪಾಠದಲ್ಲಿ ಅದರ ಹೊಗೆಯ ಬಗ್ಗೆಯೂ ಹೇಳಬೇಕಿತ್ತು. ಚಾಚಾನ ಎದುರು ಒಂದು, ಮಕ್ಕಳ ಎದುರು ಇನ್ನೊಂದು... ಯಾವುದು ನನ್ನ ಮಾತು ಎಂದು ನನಗೇ ತಿಳಿಯುತ್ತಿರಲಿಲ್ಲ.

ಕೊನೆಯ ವರ್ಷ ಚಾಚಾಗೆ ಉಸಿರು ಸಾಲದಾಯಿತು. ಧೂಳು ಅಂದರು ಒಬ್ಬ ಡಾಕ್ಟರು, ಬೀಡಿ ಅಂದರು ಇನ್ನೊಬ್ಬರು. ಮನೆಗೆ ಆಕ್ಸಿಜನ್ ಮಶೀನು ಬಂತು. ಕರೆಂಟಿದ್ದರೆ ಮಾತ್ರ ನಡೆಯುವಂಥದ್ದು.

ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ಬಿರುಗಾಳಿಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಚಾಚಿ ಓಡಿ ಬಂದು ನನ್ನನ್ನು ಕರೆದರು. ಇಬ್ಬರೂ ಸೇರಿ ಮನೆಯಲ್ಲಿದ್ದ ಒಂದೇ ಆಕ್ಸಿಜನ್ ಸಿಲಿಂಡರಿನ ನಳಿಕೆಯನ್ನು ಚಾಚಾನ ಮೂಗಿಗೆ ಹಚ್ಚಿದೆವು. ಕಿಟಕಿಯಾಚೆ ಗುಡ್ಡದ ಮೇಲೆ ಪಂಖಾಗಳು ತಿರುಗುತ್ತಲೇ ಇದ್ದವು, ಮನೆಯಲ್ಲಿ ಒಂದು ದೀಪವಿಲ್ಲ. ಸಿಲಿಂಡರಿನ ಮೀಟರಿನ ಮುಳ್ಳು ಇಳಿಯುತ್ತಾ ಹೋಯಿತು. ಇನ್ನೇನು ಮುಗಿಯಿತು ಅನ್ನುವಾಗ ಮಶೀನು ಗುಂಯ್ ಅಂದಿತು.

ಚಾಚಾ ಕಣ್ಣು ತೆರೆದರು. "ಎಲ್ಲಿಂದ ಬಂತು, ಬೇಟಿ? ನಮ್ಮ ಕಡಿಂದನೋ, ಗುಡ್ಡದ್ದೋ?"

"ಎಲ್ಲಾ ಒಂದ ತಂತ್ಯಾಗ ಕೂಡಿ ಬರತೈತ್ರಿ ಚಾಚಾ. ಬ್ಯಾರೆ ಮಾಡಾಕ ಬರಂಗಿಲ್ಲ," ಅಂದೆ.

ಅವರು ಗೋಡೆಯ ಕಡೆ ಹೊರಳಿದರು. ಹದಿನೈದು ದಿನಕ್ಕೆ ತೀರಿಕೊಂಡರು. 'ನಿಮ್ಮ ಕಡಿಂದನ ಬಂತ್ರಿ ಚಾಚಾ' ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ನಾನು ಹೇಳಿದ್ದು ಸತ್ಯ, ಆದರೂ ನೆನೆದರೆ ನಾಚಿಕೆಯಾಗುತ್ತದೆ.

ಕಮ್ಮಾರರ ಅಂಗಡಿಯಿಂದ ಬಂದವಳು ಅಂದು ನೇರವಾಗಿ ಚಾಚಿಯ ಮನೆಗೆ ಹೋದೆ. ಚಾಚಾ ನೆನಪಾದರು ಅಂದೆ. ಚಹಾ ಸೋಸುತ್ತಿದ್ದ ಅವರು ನನ್ನ ಕಡೆ ತಿರುಗಿದರು.

"ಒಂದು ಕೇಳತೇನಿ, ಸಾಲಿ ಕಲತಾಕಿ ನೀ. ಆ ಕಲ್ಲಿದ್ದಲ ಅವರ ಉಸರು ತಿಂತೋ, ಕಡೀಕ ಉಸರು ಕೊಟ್ಟತೋ?"

ಎರಡೂ ಇರಬಹುದು ಅನ್ನಲು ಹೊರಟೆ. ಎರಡೂ ಅಲ್ಲದೆಯೂ ಇರಬಹುದು... ಮಕ್ಕಳ ಪ್ರಶ್ನೆಗಳಿಗೆ ಇಷ್ಟು ವರ್ಷ ಪಟಪಟನೆ ಉತ್ತರ ಕೊಟ್ಟವಳು ನಾನು.

"ಗೊತ್ತಿಲ್ರಿ ಚಾಚಿ," ಅಂದೆ.

"ನನಗೂ ಗೊತ್ತಾಗವಲ್ದು," ಎಂದು ಅವರು ನನ್ನ ಬಟ್ಟಲಿಗೆ ಚಹಾ ಸುರಿದರು.