ಹೇಳಿದ್ದನ್ನು ಅಳಿಸುವ ಕಿಣ್ವ

ಪ್ರತಿ ವರ್ಷ ಕಾಲೇಜು ಶುರುವಾದ ಮೊದಲ ವಾರ ನನ್ನ ಕೈಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ನಾಲ್ಕು ಈರುಳ್ಳಿ ಇರುತ್ತವೆ. ಹೊಸಪೇಟೆಯಲ್ಲಿ ಮನೆಯಿಂದ ಕಾಲೇಜಿಗೆ ನಾನು ನಡೆದೇ ಹೋಗುವವಳು. ದಾರಿಯಲ್ಲಿ ಯಾರಾದರೂ ಚೀಲ ಇಣುಕಿದರೆ, ಈಕೆ ಜೀವಶಾಸ್ತ್ರದ ಪಾಠಕ್ಕೆ ಹೊರಟಿದ್ದಾಳೋ ಉಪ್ಪಿಟ್ಟು ಮಾಡಲೋ ಎಂದು ಅನುಮಾನಪಟ್ಟಾರು. ಈರುಳ್ಳಿಯ ಎಸಳಿನ ಒಳಮೈಯಿಂದ ತೆಳ್ಳಗೆ ಒಂದು ಸಿಪ್ಪೆ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹಾಸಿ, ಒಂದು ತೊಟ್ಟು ಬಣ್ಣ ಬಿಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಇಟ್ಟಿಗೆ ಜೋಡಿಸಿದಂತೆ ಜೀವಕೋಶಗಳು ಕಾಣುತ್ತವೆ. ಮಕ್ಕಳಿಗೆ ಖುಷಿಯಾಗುತ್ತದೆ. ಆ ಖುಷಿಯಲ್ಲಿ ನಾನು ಹೇಳುವ ಇನ್ನೊಂದು ಮಾತು ಅವರ ಕಿವಿಗೆ ಬೀಳುವುದಿಲ್ಲ: ನಿಮಗೆ ಕಂಡದ್ದು ಗೋಡೆ ಮಾತ್ರ, ಅದಕ್ಕೆ ಒಳಗಿನಿಂದ ಅಂಟಿಕೊಂಡಿರುವ ಪೊರೆ ನಮ್ಮ ಈ ಸೂಕ್ಷ್ಮದರ್ಶಕಕ್ಕೆ ನಿಲುಕುವಂಥದ್ದಲ್ಲ.

ಆ ಕಾಣದ ಪೊರೆಯೇ ಜೀವದ ನಿಜವಾದ ಅಂಚು ಎಂಬುದು ಎಷ್ಟು ಸೋಜಿಗ ನೋಡಿ. ಎರಡು ಪದರದ ಕೊಬ್ಬು, ಅದರಲ್ಲಿ ಅಲ್ಲಲ್ಲಿ ನಾಟಿಕೊಂಡ ಪ್ರೋಟೀನುಗಳು. ಇಷ್ಟರಿಂದಲೇ ಒಳಗು ಒಳಗಾಗಿ, ಹೊರಗು ಹೊರಗಾಗಿ ಉಳಿಯುತ್ತದೆ. ಕೆಲವು ಪ್ರೋಟೀನುಗಳು ಉಪ್ಪನ್ನು ಒಳಗೆ ಬಿಡುತ್ತವೆ, ಕೆಲವು ಹೊರಗೆ ತಳ್ಳುತ್ತವೆ, ಇನ್ನು ಕೆಲವು ಹೊರಗಿನಿಂದ ಬಂದ ಸಂದೇಶವನ್ನು ಹಿಡಿದು ಒಳಗೆ ಮುಟ್ಟಿಸುತ್ತವೆ. ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆ ಹೋಗುವುದೂ ಹೀಗೆಯೇ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಕೊಂಡಿರುತ್ತದೆ. ಸಮಯ ಬಂದಾಗ ಚೀಲ ಒಡೆದು ದ್ರವ್ಯ ಸುರಿಯುತ್ತದೆ, ಎದುರಿನ ಸ್ನಾಯುವಿನ ಪೊರೆಯ ಮೇಲಿರುವ ಪ್ರೋಟೀನು ಅದನ್ನು ಹಿಡಿಯುತ್ತದೆ, ಸ್ನಾಯು ಬಿಗಿಯುತ್ತದೆ. ಇದನ್ನು ನಾನು ಇಪ್ಪತ್ತೈದು ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಹೇಳಿದ್ದೇನೆ. ಕೊನೆಯಲ್ಲಿ ಒಂದೇ ಒಂದು ಸಾಲು: ಸುರಿದ ದ್ರವ್ಯವನ್ನು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಕತ್ತರಿಸಿ ಹಾಕುತ್ತದೆ. ಆ ಸಾಲು ಹೇಳುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಮಕ್ಕಳು ಪುಸ್ತಕ ಮುಚ್ಚುತ್ತಿದ್ದರು, ನಾನೂ ಮುಚ್ಚುತ್ತಿದ್ದೆ.

ಕಂಪ್ಲಿ ತಾಲ್ಲೂಕಿನ ಮೆಟ್ರಿ ನನ್ನ ತವರು. ಅಲ್ಲಿ ನನ್ನ ಅಣ್ಣ ಶರಣಪ್ಪ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾನೆ. ಅವನ ಗದ್ದೆಗೆ ಕ್ರಿಮಿನಾಶಕ ಹೊಡೆಯುವವನು ಹುಲುಗಪ್ಪ, ನಲವತ್ತರ ಆಸುಪಾಸಿನ ಗಟ್ಟಿ ಆಳು. ಅವನ ಹೆಂಡತಿ ಹುಲಿಗೆಮ್ಮ ಅದೇ ಗದ್ದೆಯಲ್ಲಿ ಕಳೆ ಕೀಳುತ್ತಾಳೆ. ನಮ್ಮ ಕಡೆ ಈ ವಿಷಕ್ಕೆ ಎಣ್ಣೆ ಎಂದೋ ಔಷಧ ಎಂದೋ ಹೆಸರು. ಹುಳದ ಪಾಲಿಗೆ ಮೃತ್ಯುವಾದದ್ದು ಪೈರಿನ ಪಾಲಿಗೆ ಔಷಧ ತಾನೇ ಎಂದುಕೊಂಡು ನಾನೂ ಆ ಹೆಸರನ್ನು ಪ್ರಶ್ನಿಸಿರಲಿಲ್ಲ.

ಒಂದು ವರ್ಷ ದಸರಾ ರಜೆಗೆ ಮೆಟ್ರಿಗೆ ಹೋಗಿದ್ದೆ. ಹೋದ ಮೂರನೆಯ ದಿನ ಮಧ್ಯಾಹ್ನ, ಗದ್ದೆಯ ಪಂಪ್‌ಸೆಟ್ಟಿನ ಮನೆಯ ನೆರಳಿನಲ್ಲಿ ಅಣ್ಣನಿಗೆ ಬುತ್ತಿ ಬಿಚ್ಚುತ್ತಿದ್ದೆ. ಬೆಳಗಿನಿಂದ ಔಷಧ ಹೊಡೆಯುತ್ತಿದ್ದ ಹುಲುಗಪ್ಪ ಬದುವಿನ ಮೇಲೆ ತೂರಾಡುತ್ತ ಬಂದು, ಬೆನ್ನಿಗೆ ಹೊತ್ತಿದ್ದ ಔಷಧದ ಪಂಪನ್ನು ಇಳಿಸಿ, ಗೋಡೆಗೆ ಒರಗಿ ಕುಳಿತ. ಮೈಯೆಲ್ಲ ಬೆವರು. ಕಣ್ಣಲ್ಲಿ ನೀರು, ಬಾಯಿಯಂಚಿನಲ್ಲಿ ಜೊಲ್ಲು.

"ಅಕ್ಕಾರ, ಮೋಡ ಆಗೈತೇನ್ರಿ? ಬೆಳಕು ಕಮ್ಮಿ ಆದಂಗ ಆಗೈತಿ," ಎಂದ.

ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

"ಬಿಸಲು ಬಡದೈತಿ ಅವಗ," ಎಂದ ಅಣ್ಣ. "ಒಂದೀಟು ಮಜ್ಜಿಗಿ ಕೊಡವಾ, ಸರಿ ಹೋಗ್ತಾನ."

ಮಜ್ಜಿಗೆಯ ಲೋಟ ಹಿಡಿದು ಹತ್ತಿರ ಹೋದವಳು ಅವನ ಕಣ್ಣು ನೋಡಿದೆ. ಪಾಪೆಗಳು ಸೂಜಿಯ ಮೊನೆಯಷ್ಟು ಸಣ್ಣದಾಗಿದ್ದವು. ತೋಳಿನ ಚರ್ಮದ ಕೆಳಗೆ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಮಿಡುಕುತ್ತಿದ್ದವು, ನೀರಿನ ಮೇಲೆ ಗಾಳಿ ಹಾಯ್ದಂತೆ. ಗಂಟೆ ಹೊಡೆಯುವ ಹೊತ್ತಿನಲ್ಲಿ ನಾನು ಇಪ್ಪತ್ತೈದು ವರ್ಷ ಹೇಳಿ ಮುಗಿಸುತ್ತಿದ್ದ ಆ ಒಂದು ಸಾಲು ಆಗ ನನಗೆ ಅರ್ಥವಾಯಿತು. ಅವನ ಮೈಯಲ್ಲಿ ಸುರಿದ ಸಂದೇಶವನ್ನು ಕತ್ತರಿಸುವ ಕಿಣ್ವ ಸತ್ತಿತ್ತು. ಪಾಪೆ ಕಿರಿದಾಗು ಎಂಬ ಅಪ್ಪಣೆ, ಬೆವರು ಎಂಬ ಅಪ್ಪಣೆ, ಜೊಲ್ಲು ಸುರಿಸು ಎಂಬ ಅಪ್ಪಣೆ, ಎಲ್ಲವೂ ಹೇಳಿದಲ್ಲೇ ಅಳಿಯದೆ ನಿಂತು, ಒಂದರ ಮೇಲೊಂದು ಪೇರಿಕೊಳ್ಳುತ್ತಿದ್ದವು.

"ಅಣ್ಣ, ಇದು ಬಿಸಲಲ್ಲ. ಎಣ್ಣಿ ಹತ್ತೈತಿ. ಗಾಡಿ ತಗಿ," ಎಂದೆ.

"ಅಂವ ಕುಡದಿಲ್ಲಲ್ಲವಾ?"

"ಕುಡೀಬೇಕಂತಿಲ್ಲ. ಚರ್ಮದಾಗಿಂದ ಹೋಗ್ತೈತಿ."

ಅಷ್ಟರಲ್ಲಿ ಹುಲಿಗೆಮ್ಮ ಕಳೆಯ ಸಾಲು ಬಿಟ್ಟು ಓಡಿ ಬಂದಿದ್ದಳು. ನಾವಿಬ್ಬರೂ ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಅವನ ಅಂಗಿ ಬಿಚ್ಚಿದೆವು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಅದು ಬರೀ ಬೆವರಲ್ಲ ಎಂದು ವಾಸನೆಯೇ ಹೇಳುತ್ತಿತ್ತು. ಪಂಪ್‌ಸೆಟ್ಟಿನ ನೀರು ಬಿಟ್ಟು, ಬಟ್ಟೆಯ ಸೋಪಿನಿಂದ ಬೆನ್ನು ತೊಳೆದೆವು. ಔಷಧದ ಖಾಲಿ ಬಾಟಲಿಯನ್ನು ಚೀಲದಲ್ಲಿ ಸುತ್ತಿಕೊಂಡೆ. ಅಣ್ಣ ಕಾರು ತಂದ.

ಕಂಪ್ಲಿಯ ಆಸ್ಪತ್ರೆಯಲ್ಲಿ ಬಾಟಲಿ ನೋಡಿದ ಕೂಡಲೇ ಅಟ್ರೋಪಿನ್ ಎಂಬ ಮದ್ದು ಚುಚ್ಚಿ, ಆಂಬುಲೆನ್ಸ್ ಹತ್ತಿಸಿ ಹೊಸಪೇಟೆಗೆ ಕಳಿಸಿದರು. ಅಣ್ಣ ಕಾರಿನಲ್ಲಿ ಹಿಂದೆ ಬಂದ. ಬುಕ್ಕಸಾಗರ ದಾಟುವಾಗ ಹುಲುಗಪ್ಪನ ಉಸಿರಿನಲ್ಲಿ ನೀರು ಕುದಿಯುವಂಥ ಸದ್ದಿತ್ತು. ಕಮಲಾಪುರದಲ್ಲಿ ಹಂಪಿ ನೋಡಲು ಬಂದವರ ಬಸ್ಸುಗಳು ರಸ್ತೆಗೆ ಅಡ್ಡ ನಿಂತಿದ್ದವು. ಕಲ್ಲಾಗಿ ಉಳಿದ ಊರನ್ನು ನೋಡಲು ಅವಸರದಲ್ಲಿದ್ದವರು ಸ್ವಲ್ಪ ಹೊತ್ತು ತೆಗೆದುಕೊಂಡು ದಾರಿ ಬಿಟ್ಟರು. ಹುಲಿಗೆಮ್ಮ ಗಂಡನ ಪಾದ ಹಿಡಿದುಕೊಂಡು ಕುಳಿತಿದ್ದಳು. ನಾನು ಅವನ ಉಸಿರು ಎಣಿಸುತ್ತಿದ್ದೆ. ಇಂಥ ಹೊತ್ತಿನಲ್ಲಿ ಮನಸ್ಸು ಒಡೆದುಹೋಗುತ್ತದೆ ಎಂದು ಕೇಳಿದ್ದೆ. ನನ್ನದು ಒಡೆಯಲಿಲ್ಲ, ಅದು ಪಾಠದ ಚಿತ್ರವನ್ನು ಒಂದೊಂದೇ ಗೆರೆಯಾಗಿ ಬರೆಯುತ್ತ ಕುಳಿತಿತ್ತು.

ಹೊಸಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡವಳು ಸಂಡೂರಿನ ಕಡೆಯ ಒಬ್ಬ ತರುಣ ವೈದ್ಯೆ. ಮಾತು ಕಡಿಮೆ, ಕೈ ಚುರುಕು. ಸ್ವಲ್ಪ ಸ್ವಲ್ಪ ಹೊತ್ತಿಗೆ ಎದೆಗೆ ಸ್ಟೆಥಾಸ್ಕೋಪ್ ಇಟ್ಟು, ಕೇಳಿ, ಮತ್ತೆ ಅಟ್ರೋಪಿನ್ ಕೊಡುತ್ತಿದ್ದಳು. ಅಟ್ರೋಪಿನ್ ವಿಷವನ್ನು ಮುಟ್ಟುವುದಿಲ್ಲ, ಕಿಣ್ವವನ್ನೂ ಎಬ್ಬಿಸುವುದಿಲ್ಲ. ಸಂದೇಶ ಬಂದು ಕೂರುವ ಪ್ರೋಟೀನುಗಳ ಮೇಲೆ ತಾನೇ ಹೋಗಿ ಕುಳಿತು ಜಾಗ ಹಿಡಿಯುತ್ತದೆ, ಅಷ್ಟೇ. ಅಷ್ಟರಿಂದಲೇ ಸಂಜೆಯ ಹೊತ್ತಿಗೆ ಎದೆಯೊಳಗಿನ ನೀರಿನ ಸದ್ದು ನಿಂತಿತು.

ಆಗ ವೈದ್ಯೆ ನಮ್ಮ ಕಡೆ ತಿರುಗಿದಳು. "ಇಷ್ಟೊಂದು ಔಷಧ ಬೆನ್ನಿಗೆ ಹೆಂಗ ಬಿತ್ತು?"

ಉತ್ತರ ಹುಲಿಗೆಮ್ಮ ಕೊಟ್ಟಳು, ಅಣ್ಣನನ್ನು ನೋಡುತ್ತ, ದನಿ ಏರಿಸದೆ.

"ಪಂಪಿನ ಮುಚ್ಚಳ ಸರಿ ಕುಂದ್ರಂಗಿಲ್ರಿ ಡಾಕ್ಟ್ರ. ಬಗ್ಗಿದ್ರ ಸಾಕು, ಬೆನ್ನ ಮ್ಯಾಲೆ ಸೋರ್ತೈತಿ. ಮೂರು ಸಲ ಹೇಳ್ಯಾನ್ರಿ ಗೌಡ್ರಿಗೆ."

ಮೂರನೆಯ ಸಲ ಅವನು ಹೇಳಿದಾಗ ನಾನು ಅಲ್ಲೇ ಇದ್ದೆ. ಊರಿಗೆ ಬಂದ ದಿನ ಸಂಜೆ, ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಹುಲುಗಪ್ಪ ಅಂಗಳದಲ್ಲಿ ನಿಂತು ಮುಚ್ಚಳದ ಮಾತು ತೆಗೆದದ್ದೂ ಕೇಳಿಸಿತ್ತು, ಕಂಪ್ಲಿಗೆ ಹೋದಾಗ ಹೊಸದು ತರುತ್ತೇನೆಂದು ಅಣ್ಣ ಹೇಳಿದ್ದೂ ಕೇಳಿಸಿತ್ತು. ಆ ದ್ರವ ಪೊರೆಯನ್ನು ಹೇಗೆ ದಾಟುತ್ತದೆ, ದಾಟಿ ಯಾವ ಕಿಣ್ವದ ಮೇಲೆ ಕೂರುತ್ತದೆ ಎಂಬುದು ಆ ಅಂಗಳದಲ್ಲಿದ್ದ ಮೂವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿಕೊಂಡೆ. ಕಿವಿಯ ತನಕ ಬಂದ ಮಾತು ಒಳಗೆ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಇದನ್ನು ನಾನು ಯಾರಿಗೂ ಹೇಳಲಿಲ್ಲ. ತಪ್ಪು ಅಣ್ಣನದೆಂದು ಎಲ್ಲರಿಗೂ ಗೊತ್ತಾಗಿದ್ದಾಗ ನನ್ನದನ್ನು ಬಚ್ಚಿಡುವುದು ಸುಲಭವಿತ್ತು.

ಎರಡು ದಿನ ಕಳೆದು, ಇನ್ನೇನು ಗೆದ್ದ ಎನ್ನುವಾಗ, ಹುಲುಗಪ್ಪನಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಹೀಗಾಗುವುದುಂಟು ಎಂದಳು ವೈದ್ಯೆ. ದಣಿದ ಸ್ನಾಯುಗಳು ಒಂದೊಂದಾಗಿ ಸಂದೇಶ ಕೇಳುವುದನ್ನೇ ಬಿಟ್ಟುಬಿಡುತ್ತವೆ; ಮೊದಲು ಕತ್ತು, ಆಮೇಲೆ ಉಸಿರು. ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲಿಗೆ ನಳಿಕೆ ಇಳಿಸಿದರು, ಉಸಿರಾಟವನ್ನು ಯಂತ್ರ ವಹಿಸಿಕೊಂಡಿತು.

ಹೊರಗಿನ ಬೆಂಚಿನ ಮೇಲೆ ಹುಲಿಗೆಮ್ಮ ನನ್ನನ್ನು ಕೇಳಿದಳು. "ಒಳಗ ಏನಾಗೈತ್ರಿ ಅಕ್ಕಾರ? ನೀವು ಓದಿದಾರು, ತಿಳಿಯಂಗ ಹೇಳ್ರಿ."

ಕರಿಹಲಗೆಯಿಲ್ಲದೆ, ಚಿತ್ರವಿಲ್ಲದೆ ಅದನ್ನು ನಾನು ಯಾರಿಗೂ ಹೇಳಿದವಳಲ್ಲ. ಮೈಯೊಳಗೆ ನರ ಸ್ನಾಯುವಿಗೆ ಮಾತು ಕಳಿಸುತ್ತದೆ. ಹೇಳಿದ ಮಾತನ್ನು ಆ ಕ್ಷಣವೇ ಅಳಿಸುವುದಕ್ಕೆ ಒಂದು ವಸ್ತು ಇರುತ್ತದೆ. ಅಳಿಸಿದರೆ ಮಾತ್ರ ಮುಂದಿನ ಮಾತು ಕೇಳುತ್ತದೆ. ಔಷಧ ಆ ಅಳಿಸುವ ವಸ್ತುವನ್ನೇ ಕೊಂದಿದೆ ಎಂದು ಹೇಳಿದೆ.

ಅವಳು ನನ್ನ ಕಡೆ ತಿರುಗಿ ಕೂತಳು. "ಸತ್ತದ್ದು ಸತ್ತತು. ಹೊಸಾದು ಎಲ್ಲಿಂದ ತರಸ್ತಾರ್ರಿ? ಬಳ್ಳಾರಿಯಾಗ ಸಿಗ್ತೈತೇನು?"

"ಎಲ್ಲಿಂದಾನೂ ತರಸಂಗಿಲ್ಲ ಹುಲಿಗೆಮ್ಮ. ಅವನ ಮೈಯಾಗನ ಆಗಬೇಕು."

"ಆಗ್ತೈತೇನ್ರಿ?"

"ಆಗಾಕ ಹತ್ತಿರ್ತೈತಿ. ನಿಧಾನ ಆಗ್ತೈತಿ."

ಇದು ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ. ಗಾಜಿನ ಬಾಗಿಲಿನ ಆಚೆ, ಅಲುಗಾಡದೆ ಮಲಗಿದ್ದ ಆ ಮನುಷ್ಯನ ಕೋಟ್ಯಂತರ ಜೀವಕೋಶಗಳಲ್ಲಿ ಆ ಕೆಲಸ ನಡೆದೇ ಇತ್ತು. ಕೋಶಕೇಂದ್ರದಲ್ಲಿರುವ ಮೂಲಪ್ರತಿಯಿಂದ ಒಂದು ನಕಲು ಇಳಿಯುತ್ತದೆ. ಆ ನಕಲನ್ನು ಅಕ್ಷರ ಅಕ್ಷರವಾಗಿ ಓದುತ್ತ ಅಮೈನೋ ಆಮ್ಲಗಳು ಸರದಂತೆ ಪೋಣಿಸಿಕೊಳ್ಳುತ್ತವೆ. ಸರ ತನಗೆ ತಾನೇ ಮಡಚಿಕೊಂಡು, ಸುರುಳಿಗೊಂಡು, ಕೆಲಸಕ್ಕೆ ಬರುವ ಒಂದು ಆಕಾರ ಪಡೆಯುತ್ತದೆ. ಪುಟ್ಟ ಚೀಲದಲ್ಲಿ ಕುಳಿತು ಪೊರೆಯ ತನಕ ಪ್ರಯಾಣ ಮಾಡಿ, ತನ್ನ ಜಾಗದಲ್ಲಿ ಇಳಿದು ನಿಲ್ಲುತ್ತದೆ. ಇದಕ್ಕೆಲ್ಲ ಮರುಕವಿಲ್ಲ, ಆತುರವಿಲ್ಲ, ಯಾರ ಗದ್ದೆ ಯಾರ ಬೆನ್ನು ಎಂಬ ವಿಚಾರಣೆಯೂ ಇಲ್ಲ. ನಮ್ಮೊಳಗೆ ಇಷ್ಟು ಶ್ರದ್ಧೆಯ ದುಡಿಮೆ ನಮ್ಮನ್ನು ಕೇಳದೆಯೇ ನಡೆಯುತ್ತಿರುವಾಗ, ನಮ್ಮ ಪಾಲಿಗೆ ಬಿಟ್ಟಿರುವುದು ಒಂದು ಮುಚ್ಚಳ ಬದಲಾಯಿಸುವಷ್ಟು ಸಣ್ಣ ಕೆಲಸ, ಅದನ್ನೂ ನಾವು ಮುಂದೂಡುತ್ತೇವೆ.

ಹನ್ನೊಂದನೆಯ ದಿನ ಯಂತ್ರ ತೆಗೆದರು. ಹುಲುಗಪ್ಪ ತಾನೇ ಉಸಿರೆಳೆದ, ಕೆಮ್ಮಿದ, ಸಂಜೆ ಹೆಂಡತಿಯನ್ನು ಗುರುತಿಸಿ ನೀರು ಕೇಳಿದ. ಇನ್ನೊಂದು ವಾರ ಇಟ್ಟುಕೊಂಡು ಊರಿಗೆ ಕಳಿಸುವಾಗ ವೈದ್ಯೆ ಒಂದೇ ಮಾತು ಹೇಳಿದಳು: ಇನ್ನು ಮುಂದೆ ಔಷಧ ಹೊಡೆಯುವ ಕೆಲಸ ಕೂಡದು.

ಸಂಕ್ರಾಂತಿ ಕಳೆದ ಮೇಲೆ ನಾನು ಮೆಟ್ರಿಗೆ ಹೋದಾಗ ಅಣ್ಣ ಸೊರಗಿದ್ದ. ಹುಲುಗಪ್ಪ ಮನೆಯ ಕಡೆ ಬಂದೇ ಇಲ್ಲ ಎಂದ. ಆಸ್ಪತ್ರೆಯ ಖರ್ಚೆಲ್ಲ ಇವನೇ ನೋಡಿಕೊಂಡಿದ್ದ, ಅವರ ಮನೆಗೆ ತಾನೇ ಅಕ್ಕಿ ಒಯ್ದಿದ್ದ. ಹುಲಿಗೆಮ್ಮ ಅಕ್ಕಿ ಇಳಿಸಿಕೊಂಡಿದ್ದಳು, ಆದರೆ ಒಳಗೆ ಬನ್ನಿ ಎಂದಿರಲಿಲ್ಲ.

"ಹೋಗೂಣು ನಡಿ," ಎಂದೆ.

ಹುಲುಗಪ್ಪ ಮನೆಯ ಮುಂದೆ ಚಾಪೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. "ಬರ್ರಿ, ಕುಂದ್ರಿ," ಎಂದ, ಕೈಯ ಕೆಲಸ ನಿಲ್ಲಿಸಲಿಲ್ಲ. ಅಣ್ಣ ಕೂರಲಿಲ್ಲ.

"ತಪ್ಪು ನಂದು, ಹುಲುಗಪ್ಪ."

ಹಗ್ಗ ಹೊಸೆಯುವುದು ನಿಂತಿತು. "ನಾ ಮೂರು ಸಲ ಹೇಳಿದ್ನಿ, ಗೌಡ್ರ."

"ಹೌದು. ಮೂರು ಸಲ ಹೇಳಿದ್ದಿ."

ಹುಲುಗಪ್ಪ ಬಾಗಿಲಲ್ಲಿ ನಿಂತವರ ಕಡೆ ಒಮ್ಮೆ ನೋಡಿದ, ಅವರೆಲ್ಲರಿಗೂ ಕೇಳಿಸಿತ್ತು. ಆಮೇಲೆ ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ಮರೆತದ್ದೊಂದನ್ನು ನೆನಪಿಸುವವನಂತೆ ಹೇಳಿದ.

"ಕಡೀ ಸಲ ಹೇಳಿದಾಗ ನೀವೂ ಅಲ್ಲೇ ಇದ್ರಿ, ಅಕ್ಕಾರ."

ಅಣ್ಣ ನನ್ನ ಮುಖ ನೋಡಿದ. ಅವನಿಗೆ ಅದು ನೆನಪಿರಲಿಲ್ಲ.

"ಇದ್ದೆ," ಎಂದೆ. "ಕೇಳಿಸಿತ್ತು."

ಹುಲುಗಪ್ಪ ತಲೆಯಾಡಿಸಿ ಚಾಪೆಯ ಮೇಲೆ ಪಕ್ಕಕ್ಕೆ ಸರಿದ. ಅಣ್ಣನೂ ನಾನೂ ಆ ಜಾಗದಲ್ಲಿ ಕುಳಿತೆವು. ಒಳಗಿನಿಂದ ಹುಲಿಗೆಮ್ಮ ಗಂಡನನ್ನು ಕೇಳಿದಳು, ಒಲೆಯ ಮೇಲೆ ಎಷ್ಟು ಮಂದಿಗೆ ಅನ್ನ ಇಡಲಿ ಎಂದು.

"ನಾಕು ಮಂದಿಗೆ," ಎಂದ ಹುಲುಗಪ್ಪ.