ಎರಡು ಲಾಂಛನದ ಕಾಗದ

ದಾಕ್ಷಾಯಣಿ ನವಲಗುಂದದ ಕಡೆಯ ಹೆಣ್ಣುಮಗಳು. ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ, ಗಂಡ ವಿಜಯಕುಮಾರನಿಗೆ ಯಲಹಂಕದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ಬೆಂಗಳೂರಿಗೆ ಬಂದವಳು. ಪುಟ್ಟೇನಹಳ್ಳಿಯ ಬಾಡಿಗೆ ಮನೆಯಲ್ಲಿ ಹದಿನಾಲ್ಕು ವರ್ಷ ಕಳೆದಿದ್ದರೂ ನಾಲಿಗೆಯಿಂದ ಊರು ಇಳಿದಿರಲಿಲ್ಲ. ಆಫೀಸಿನಲ್ಲಿ ಇಲ್ಲಿಯವರ ಹಾಗೆ ‘ಬರ್ತೀನಿ, ಹೋಗ್ತೀನಿ’ ಅನ್ನುತ್ತಿದ್ದಳು. ಸಿಟ್ಟು ಬಂದಾಗ, ಅಳು ಬಂದಾಗ ಮಾತ್ರ ತನ್ನ ಮಾತಿಗೆ ಜಾರುತ್ತಿದ್ದಳು.

ಆಫೀಸು ಇದ್ದದ್ದು ಹೆಬ್ಬಾಳದಲ್ಲಿ, ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಸಾಗರೋತ್ತರ ವ್ಯಾಪಾರ ಜಂಟಿ ಕೇಂದ್ರ ಅಂತ ಬೋರ್ಡು. ದಿಲ್ಲಿಯ ಒಂದು ನಿಗಮ, ರಾಜ್ಯದ ಒಂದು ಮಂಡಳಿ ಸೇರಿ ತೆಗೆದದ್ದು. ಆಫ್ರಿಕಾದ ಬಡ ದೇಶಗಳಿಗೆ ನಿಗಮ ಸಾಲ ಕೊಡಬೇಕು. ಆ ಸಾಲದಲ್ಲಿ ಅವರು ನಮ್ಮ ಸಣ್ಣ ಕಾರ್ಖಾನೆಗಳ ಯಂತ್ರ ಕೊಳ್ಳಬೇಕು. ಯಂತ್ರ ಆರಿಸುವುದು, ಕಳಿಸುವುದು, ನಡೆಸಲು ಕಲಿಸುವುದು ಮಂಡಳಿಯ ಪಾಲು. ಅವರೂ ಮೇಲೆ ಬರಲಿ, ನಮ್ಮವರೂ ಬದುಕಲಿ ಅಂತ. ಒಪ್ಪಂದಕ್ಕೆ ಸಹಿ ಬಿದ್ದ ದಿನ ದೊಡ್ಡ ಊಟ ಆಗಿತ್ತು. ಮೊದಲ ವರ್ಷ ಒಂಬತ್ತು ಜನ ಇದ್ದರು. ಆಮೇಲೆ ದಿಲ್ಲಿಯವರು ತಮ್ಮವರನ್ನು ವಾಪಸ್ ಕರೆಸಿಕೊಂಡರು, ಮಂಡಳಿಯವರು ತಮ್ಮವರನ್ನು ಬೇರೆ ಕಡೆ ಹಾಕಿದರು. ಕೊನೆಗೆ ಉಳಿದದ್ದು ಮಂಡಳಿಯಿಂದ ಬಂದ ಮ್ಯಾನೇಜರ್ ನಾಗೇಶ್, ಕಸ ಗುಡಿಸುವ ಸೊಣ್ಣಮ್ಮ, ಮತ್ತೆ ಹೊರಗುತ್ತಿಗೆಯ ದಾಕ್ಷಾಯಣಿ. ಅವಳು ನಿಗಮದವಳೂ ಅಲ್ಲ, ಮಂಡಳಿಯವಳೂ ಅಲ್ಲ. ಫೋನು ಎತ್ತುವವಳು.

ಫೋನಿನಲ್ಲೇ ಅವಳಿಗೆ ಮರ್ಸಿ ಪರಿಚಯ ಆದದ್ದು. ಮರ್ಸಿ ಚಿರ್ವಾ, ಮಲಾವಿ ದೇಶದ ಒಂದು ಹಳ್ಳಿಯ ಹೆಂಗಸರ ಸಂಘದ ಕಾರ್ಯದರ್ಶಿ. ಆ ಭಾಗದ ಹನ್ನೆರಡು ಹಳ್ಳಿಗಳಿಗೆ ಹನ್ನೆರಡು ಹಿಟ್ಟಿನ ಗಿರಣಿ ಬೇಕಿದ್ದವು, ಎಲ್ಲರ ಪರವಾಗಿ ಮಾತಾಡುತ್ತಿದ್ದವಳು ಅವಳೇ. ಅವರಿಗೆ ಬೆಳಗ್ಗೆ ಎಂಟೂವರೆ ಆದಾಗ ಇಲ್ಲಿ ಹನ್ನೆರಡು. ಸರಿಯಾಗಿ ಆ ಹೊತ್ತಿಗೆ ಫೋನು ಬರುತ್ತಿತ್ತು. ಇಬ್ಬರ ಇಂಗ್ಲಿಷೂ ತಡವರಿಸುವಂಥದ್ದು, ಅದಕ್ಕೇ ಇಬ್ಬರಿಗೂ ಸಂಕೋಚ ಇರಲಿಲ್ಲ. ಮರ್ಸಿಯ ಊರಲ್ಲೂ ಜೋಳ ಬೆಳೆಯುತ್ತಿದ್ದರು. ಅದನ್ನು ‘ಮಪಿರ’ ಅಂತಿದ್ದರು. ಹಿಟ್ಟು ಮಾಡಿಸಲು ಹೆಂಗಸರು ತಲೆಯ ಮೇಲೆ ಹೊತ್ತು ಎಂಟು ಮೈಲಿ ನಡೆಯುತ್ತಿದ್ದರು. “ನಮ್ಮಜ್ಜಿನೂ ಹಂಗೇ ನಡೀತಿದ್ಲು” ಅಂತ ಹೇಳಲು ದಾಕ್ಷಾಯಣಿಗೆ ಇಂಗ್ಲಿಷು ಸಾಲದೆ ನಗು ಬಂದಿತ್ತು.

ಮಂಜೂರಾತಿಯ ಅರ್ಜಿಯನ್ನು ಫೋನಿನಲ್ಲಿ ಕೇಳಿ ಕೇಳಿ ತುಂಬಿದವಳೂ ಅವಳೇ. ಊರಲ್ಲಿ ರಸ್ತೆ ಇದೆಯೇ, ಕಟ್ಟಡ ಇದೆಯೇ, ವಿದ್ಯುತ್ ಇದೆಯೇ. “ಕರೆಂಟ್ ಇದೆ, ಸಿಸ್ಟರ್, ಹೋದ ವರ್ಷ ಬಂತು” ಅಂದಿದ್ದಳು ಮರ್ಸಿ, ಹೆಮ್ಮೆಯಿಂದ. ದಾಕ್ಷಾಯಣಿ ‘ಹೌದು’ ಅನ್ನುವ ಚೌಕದಲ್ಲಿ ಗುರುತು ಹಾಕಿದಳು. ಅರ್ಜಿ ಮಂಡಳಿಗೆ ಹೋಯಿತು, ಮಂಡಳಿಯಿಂದ ನಿಗಮಕ್ಕೆ ಹೋಯಿತು, ಎರಡೂ ಕಡೆ ಸಹಿ ಬಿತ್ತು. ಯಶವಂತಪುರದ ಚಿಕ್ಕಬೈರಪ್ಪನ ಕಾರ್ಖಾನೆಯಲ್ಲಿ ಗಿರಣಿಗಳು ತಯಾರಾಗಿ ಹಡಗು ಹತ್ತಿದವು.

ಗಿರಣಿ ತಲುಪಿ ಹತ್ತು ದಿನಕ್ಕೆ ಮರ್ಸಿ ಫೋನು ಮಾಡಿದಳು. ಊರೆಲ್ಲ ಸೇರಿತ್ತಂತೆ, ಹಾಡು ಕುಣಿತ ಆಗಿತ್ತಂತೆ. ಸ್ವಿಚ್ ಹಾಕಿದರೆ ಗುಂಯ್ ಅಂತು, ಕಲ್ಲು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಉಳಿದ ಊರುಗಳಲ್ಲೂ ಅದೇ ಕತೆಯಂತೆ.

ದಾಕ್ಷಾಯಣಿಗೆ ಕೂತ ಕುರ್ಚಿಯಲ್ಲೇ ಗೊತ್ತಾಯಿತು. ಗುಂಯ್ ಅನ್ನುವ ಆ ಸದ್ದು ಅವಳು ಹುಟ್ಟಿದಾಗಿನಿಂದ ಕೇಳಿದ್ದು. ತ್ರೀ ಫೇಸ್ ಮೋಟಾರಿಗೆ ಸಿಂಗಲ್ ಫೇಸ್ ಕೊಟ್ಟರೆ ಹಾಗೇ ಆಗುವುದು. ಅವಳ ಊರಲ್ಲಿ ಗಿರಣಿಯವನು ತ್ರೀ ಫೇಸ್ ಬರುವವರೆಗೆ ಬಾಗಿಲು ತೆಗೆಯುತ್ತಿರಲಿಲ್ಲ. ಹಿಟ್ಟಿನ ಡಬ್ಬಿ ಹಿಡಿದು ಅವನ ಕಟ್ಟೆಯ ಮೇಲೆ ಅವಳು ಎಷ್ಟು ಸಾಯಂಕಾಲ ಕಾದಿಲ್ಲ! ಮಲಾವಿಯ ಹಳ್ಳಿಗೆ ಬಂದದ್ದು ಬಲ್ಬು ಉರಿಯುವಷ್ಟು ಕರೆಂಟು. ಅರ್ಜಿಯಲ್ಲಿ ಎಷ್ಟು ಫೇಸ್ ಅಂತ ಯಾರೂ ಕೇಳಿರಲಿಲ್ಲ. ಆದರೆ ಅವಳು ಕೇಳಬಹುದಿತ್ತು. ಈ ಆಫೀಸಿನಲ್ಲಿ ಕೇಳಬೇಕಾಗಿದ್ದವಳು ಅವಳೊಬ್ಬಳೇ.

ನಾಗೇಶ್ ಕೆಟ್ಟ ಮನುಷ್ಯನಲ್ಲ. ಅವತ್ತೇ ಪತ್ರ ಬರೆದ. ಗಿರಣಿ ಕೂಡಿಸಿ ನಡೆಸಿಕೊಡುವುದು ಮಂಡಳಿಯ ಜವಾಬ್ದಾರಿ ಅಂತ ನಿಗಮದಿಂದ ಉತ್ತರ ಬಂತು. ಯಂತ್ರದ ವಿವರಕ್ಕೆ ಕೊನೆಯ ಒಪ್ಪಿಗೆ ಕೊಟ್ಟದ್ದು ನಿಗಮ ಅಂತ ಮಂಡಳಿ ಬರೆಯಿತು. ಜಂಟಿ ಸಭೆಯಲ್ಲಿ ತೀರ್ಮಾನಿಸೋಣ ಅಂತ ಇಬ್ಬರೂ ಒಪ್ಪಿದರು. ಸಭೆ ಮೂರು ಸಲ ನಿಗದಿಯಾಯಿತು, ಮೂರು ಸಲವೂ ಮುಂದಕ್ಕೆ ಹೋಯಿತು.

“ಇಬ್ರೂ ಸರೀನೇ ಹೇಳ್ತಿದ್ದಾರೆ ಕಣ್ರೀ, ಅದೇ ಕಷ್ಟ” ಅಂದ ನಾಗೇಶ್.

ಒಂದು ಶನಿವಾರ ಅವಳು ತಾನೇ ಯಶವಂತಪುರಕ್ಕೆ ಹೋದಳು. ಚಿಕ್ಕಬೈರಪ್ಪ ಯಲಹಂಕದ ಪಕ್ಕದ ಕೋಗಿಲಿನ ಹಳೇ ಒಕ್ಕಲು ಮನೆತನದವನು, ಜಮೀನು ಮಾರಿದ ದುಡ್ಡಲ್ಲಿ ಕಾರ್ಖಾನೆ ಹಾಕಿದ್ದ. ಎಲ್ಲ ಕೇಳಿಸಿಕೊಂಡು ಕುರ್ಚಿ ಎಳೆದು ಕೂರಿಸಿದ, ಕಾಫಿ ತರಿಸಿದ.

“ಅಯ್ಯೋ ಅಷ್ಟೇನಾ ತಾಯಿ? ಮೋಟಾರ್ ಬಿಚ್ಚಿ ಡೀಸೆಲ್ ಇಂಜಿನ್ ಕೂರ್ಸೋದು. ಎಂಟು ದಿನದ ಕೆಲ್ಸ. ನಮ್ ಹುಡುಗ್ರನ್ನೇ ಕಳಿಸ್ತೀನಿ ಬೇಕಾದ್ರೆ.”

“ಹಾಗಾದ್ರೆ ಕಳಿಸಿ ಸರ್.”

“ಆರ್ಡರ್ ಯಾರು ಕೊಡ್ತಾರೆ? ಒಪ್ಪಿಗೆ ಇಲ್ದೆ ಇಂಗೆ ಮಷೀನ್ ಬದಲಾಯಿಸಿದ್ರೆ ನಾಳೆ ನನ್ ಮೇಲೇ ಕೇಸ್ ಆಕ್ತಾರೆ. ಒಂದು ಕಾಗ್ದ ತಂದ್ಕೊಡಿ, ಎರಡು ಮುದ್ರೆ ಇರೋದು. ಮಿಕ್ಕಿದ್ದು ನಂದು.”

ಕಾಗದ ಅಂದರೆ ಜಂಟಿ ಕೇಂದ್ರದ ಲೆಟರ್‌ಹೆಡ್. ಅದರ ಎಡಕ್ಕೆ ನಿಗಮದ ಲಾಂಛನ, ಬಲಕ್ಕೆ ಮಂಡಳಿಯದು. ಎರಡೂ ಕಡೆಯ ಅಧಿಕಾರಿಗಳು ಸಹಿ ಮಾಡದೆ ಅದರ ಮೇಲೆ ಒಂದಕ್ಷರ ಹೊರಗೆ ಹೋಗುವಂತಿರಲಿಲ್ಲ.

ಜನವರಿಯಲ್ಲಿ ವಿಮಾನ ನಿಲ್ದಾಣದ ರಸ್ತೆಯ ಹೋಟೆಲೊಂದರಲ್ಲಿ ದೊಡ್ಡ ಸಮಾವೇಶ ನಡೆಯಿತು. ಏಳೆಂಟು ದೇಶಗಳಿಂದ ಪ್ರತಿನಿಧಿಗಳು ಬಂದಿದ್ದರು. ದಾಕ್ಷಾಯಣಿಯನ್ನು ಬಾಗಿಲ ಬಳಿ ಬ್ಯಾಡ್ಜು ಕೊಡಲು ಕೂರಿಸಿದ್ದರು. ಒಳಗಿನ ಪರದೆಯಲ್ಲಿ ಜಂಟಿ ಕೇಂದ್ರದ ಸಾಧನೆಯ ಚಿತ್ರ ಓಡುತ್ತಿತ್ತು. ಒಮ್ಮೆ ಬಾಗಿಲು ತೆರೆದಾಗ ಅವಳ ಕಣ್ಣಿಗೆ ಬಿತ್ತು: ಹಸಿರು ಬಣ್ಣದ ಗಿರಣಿ, ಅದರ ಪಕ್ಕ ಹಳದಿ ಬಟ್ಟೆ ತಲೆಗೆ ಸುತ್ತಿಕೊಂಡ ಎತ್ತರದ ಹೆಂಗಸು, ಬಾಯಿ ತುಂಬ ನಗು. ಕೆಳಗೆ ಹೆಸರು ಬಂತು. ಮರ್ಸಿಯ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಸ್ವಿಚ್ ಹಾಕುವ ಮುಂಚೆ ತೆಗೆದ ಫೋಟೋ ಇರಬೇಕು.

ಊಟದ ಹೊತ್ತಿನಲ್ಲಿ ದಿಲ್ಲಿಯಿಂದ ಬಂದಿದ್ದ ಪ್ರತಿಭಾ ಮೇಡಂ ಒಬ್ಬರೇ ಕೈ ತೊಳೆಯುತ್ತಿದ್ದುದನ್ನು ನೋಡಿ ಧೈರ್ಯ ಮಾಡಿ ಹತ್ತಿರ ಹೋದಳು. ನಿಗಮದಲ್ಲಿ ಆಫ್ರಿಕಾದ ಕಡತಗಳೆಲ್ಲ ಅವರ ಕೈಯಲ್ಲಿದ್ದವು. ಧಾರವಾಡದವರು ಅಂತ ಬೇರೆ ಕೇಳಿದ್ದಳು. ಗಿರಣಿಯ ವಿಷಯ ತೆಗೆದವಳಿಗೆ ನಡುವೆ ಮಾತು ಊರಿನ ಭಾಷೆಗೆ ತಿರುಗಿತು. “ಮೇಡಂ, ಆ ಮರ್ಸೀದೇನೂ ತಪ್ಪಿಲ್ರೀ. ಫಾರ್ಮ್ ತುಂಬಿದಾಕಿ ನಾನು.”

ಪ್ರತಿಭಾ ಕೈಯೊರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. “ಗೊತ್ತದ. ಆ ಫೈಲಿನ ಮ್ಯಾಲೆ ನಾನೂ ಮೂರು ಸಲ ಬರದೇನಿ. ಮ್ಯಾಲೆ ಹೋಗ್ತದ, ‘ಮಂಡಳಿಯ ಅಭಿಪ್ರಾಯ ಪಡೆಯಿರಿ’ ಅಂತ ತಿರುಗಿ ನನ್ನ ಟೇಬಲ್ಲಿಗೇ ಬರ್ತದ.” ಒರೆಸಿದ ಕಾಗದ ಬುಟ್ಟಿಗೆ ಹಾಕಿ ಅಂದರು, “ನಾ ಏನೋ ಮಾಡ್ತೀನಿ ಅಂತ ಹೇಳಿ ನಿಮಗ ಸುಳ್ಳು ಆಸೆ ಹಚ್ಚಬಾರದು.”

ಅಷ್ಟು ದೊಡ್ಡ ಹುದ್ದೆಯವರಿಗೂ ಏನೂ ಮಾಡಲಾಗದೆಂದು ದಾಕ್ಷಾಯಣಿಗೆ ತಿಳಿಯಿತು. ತಿರುಗಿ ಬಂದು ಬ್ಯಾಡ್ಜುಗಳ ಮುಂದೆ ಕೂತಳು.

ಮಾರ್ಚಿನಲ್ಲಿ ಮರ್ಸಿ ಫೋನು ಮಾಡಿದಾಗ ದನಿ ತಗ್ಗಿತ್ತು. ಸಮಾವೇಶದ ಫೋಟೋ ಅವರ ಊರಿಗೂ ಮುಟ್ಟಿತ್ತು, ಹೆಂಗಸರು ಅವಳನ್ನು ಅನುಮಾನಿಸುತ್ತಿದ್ದರು. ಗಿರಣಿಯವರ ಜೊತೆ ಸೇರಿ ಹಳೇ ಮೋಟಾರು ತರಿಸಿದ್ದಾಳೆ, ಅದಕ್ಕೇ ಫೋಟೋದಲ್ಲಿ ಹಾಗೆ ನಗುತ್ತಿದ್ದಾಳೆ ಅಂತ ಮಾತು.

“ಸಿಸ್ಟರ್, ಇಂಜಿನ್ ಬೇಡ. ಒಂದು ಪತ್ರ ಕಳಿಸಿ ಸಾಕು. ತಪ್ಪು ಮರ್ಸಿಯದಲ್ಲ ಅಂತ. ಮುದ್ರೆ ಇರಲಿ. ಭಾನುವಾರ ಸಭೆ ಇದೆ.”

ವಿಷಯ ಕೇಳಿ ನಾಗೇಶ್ ತಲೆಯ ಮೇಲೆ ಕೈ ಹೊತ್ತ. “ತಪ್ಪು ಅವಳದಲ್ಲ ಅಂದ್ರೆ ಯಾರದು ಅಂತ ಬರೀಬೇಕಲ್ಲಮ್ಮಾ? ಅದನ್ನ ಯಾರು ಸೈನ್ ಮಾಡ್ತಾರೆ?”

ಅಂದು ಮನೆಗೆ ಬಂದವಳು ಅಡುಗೆಗೆ ಕೈ ಹಚ್ಚದೆ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆಯಲು ಕೂತಳು. ಕರೆಂಟಿನ ವಿಷಯ ಸರಿಯಾಗಿ ಕೇಳದೆ ಅರ್ಜಿ ತುಂಬಿದ್ದು ನಾನು, ಮರ್ಸಿ ಚಿರ್ವಾ ನಿಜವನ್ನೇ ಹೇಳಿದ್ದರು ಅಂತ, ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ. ಹೆಸರು, ವಿಳಾಸ ಬರೆದು ಸಹಿ ಹಾಕಿದಳು.

ವಿಜಯಕುಮಾರ ಹಾಳೆ ಓದಿ ಗಾಬರಿಯಾದ. “ಇದನ್ನ ಕಳಿಸಿದ್ರ ನಿನ್ನ ಕೆಲಸಾನೂ ಹೋಗ್ತದ, ಆಕೀಗೂ ಉಪಯೋಗ ಆಗೂದಿಲ್ಲ. ಮುದ್ರಿ ಎಲ್ಲದ ಇದಕ್ಕ?”

“ಮುದ್ರಿ ಇಲ್ರೀ. ನನ್ನ ಕಡೆ ಇದ್ದದ್ದು ಇಷ್ಟ.”

ಹಾಳೆಯ ಫೋಟೋ ತೆಗೆದು ಕಳಿಸಿದಳು.

ಭಾನುವಾರ ಕಳೆದು ಬುಧವಾರ ಉತ್ತರ ಬಂತು. ಸಭೆಯಲ್ಲಿ ಮರ್ಸಿ ಪತ್ರ ಓದಿದ್ದಳು. ಇದು ಯಾರು, ಸರ್ಕಾರದ ಮುದ್ರೆ ಎಲ್ಲಿ, ನೀನೇ ಬರೆದುಕೊಂಡಿರಬಹುದಲ್ಲ ಅಂತ ಕೇಳಿದ್ದರು. ಅವಳನ್ನು ಕಾರ್ಯದರ್ಶಿಯ ಸ್ಥಾನದಿಂದ ಇಳಿಸಿದ್ದರು. ಅವಳ ಸ್ವಂತ ಅತ್ತಿಗೆಯೂ ಇಳಿಸಲು ಕೈ ಎತ್ತಿದ್ದಳಂತೆ.

ದಾಕ್ಷಾಯಣಿಯ ಕೆಲಸ ಹೋಗಲಿಲ್ಲ. ಅವಳ ಪತ್ರಕ್ಕೆ ಅಷ್ಟು ತೂಕವೂ ಇರಲಿಲ್ಲ. ಜೂನ್‌ನಲ್ಲಿ ಒಪ್ಪಂದದ ಅವಧಿ ಮುಗಿದು ಹೆಬ್ಬಾಳದ ಆಫೀಸು ಮುಚ್ಚಿತು. ಗಿರಣಿಯ ಕಡತದ ಒಂದು ಪ್ರತಿ ದಿಲ್ಲಿಗೆ, ಒಂದು ಪ್ರತಿ ಮಂಡಳಿಗೆ ಹೋಯಿತು. ಹೊರಗುತ್ತಿಗೆಯವರು ಅವಳನ್ನು ಯಲಹಂಕದ ಇನ್ನೊಂದು ಕಚೇರಿಗೆ ಹಾಕಿದರು. ಮನೆಗೆ ಹತ್ತಿರ ಆಯಿತಲ್ಲ ಅಂತ ಎಲ್ಲರೂ ಅಂದರು.

ಮರ್ಸಿ ಆಮೇಲೆಯೂ ಒಂದೆರಡು ಸಲ ದಾಕ್ಷಾಯಣಿಯ ಸ್ವಂತ ನಂಬರಿಗೆ ಫೋನು ಮಾಡಿದಳು. ಊರು ಬಿಟ್ಟು ಪಟ್ಟಣದಲ್ಲಿ ತಂಗಿಯ ಮನೆಯಲ್ಲಿದ್ದಾಳೆ, ಸಂತೆಯಲ್ಲಿ ಟೊಮೆಟೊ ಮಾರುತ್ತಾಳೆ. ಹೆಂಗಸರು ಈಗಲೂ ಎಂಟು ಮೈಲಿ ನಡೆಯುತ್ತಿದ್ದಾರೆ ಅಂತ ಒಮ್ಮೆ ಹೇಳಿದಳು, ದೂರುವಂತೆ ಅಲ್ಲ, ಸುದ್ದಿಯಂತೆ. ದಾಕ್ಷಾಯಣಿ “ಹೂಂ” ಅಂದಳು. ಆ ಕಡೆಯಿಂದ ಸಂತೆಯ ಗದ್ದಲ ಕೇಳುತ್ತಿತ್ತು. ಯಾರೋ ಗಿರಾಕಿ ಬಂದರು ಅಂತ ಕಾಣುತ್ತದೆ, ಮರ್ಸಿ ತನ್ನ ಭಾಷೆಯಲ್ಲಿ ಅವರ ಜೊತೆ ಮಾತಿಗೆ ತೊಡಗಿದಳು. ದಾಕ್ಷಾಯಣಿ ಅರ್ಥವಾಗದಿದ್ದರೂ ಫೋನು ಇಡದೆ ಕೇಳುತ್ತ ನಿಂತಳು.