ಹತ್ತಿ ಖೋಲಿಯ ಆಪಾ

ಎರಡು ದಿನದಿಂದ ನನ್ನ ಗಂಟಲು ಕಟ್ಟಿದೆ. ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕೂಡುವ ಹೊತ್ತಿಗೆ ಅವ್ವ ಮೇಜಿನ ಮೇಲೆ ನಾಲ್ಕು ಲವಂಗ ಇಟ್ಟು ಹೋದಳು. ಒಂದನ್ನು ಬಾಯಿಗೆ ಹಾಕಿಕೊಂಡು ಹಲ್ಲಿನಿಂದ ಒತ್ತಿದೆ. ಆ ಖಾರದ ವಾಸನೆ ಮೂಗಿಗೆ ಏರಿದ್ದೇ ತಡ, ಪಕ್ಕದ ಮನೆಯ ಮಾಳಿಗೆ, ಹತ್ತಿಯ ಚೀಲಗಳು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಆಪಾ... ಎಲ್ಲ ಕಣ್ಣೆದುರು ಬಂದು ನಿಂತವು. ಇನ್ನು ಹತ್ತು ನಿಮಿಷಕ್ಕೆ ನಾನು ನಮ್ಮ ಕಂಪನಿಗಾಗಿ ಮಸ್ಕಿಯ ಒಬ್ಬ ಹುಡುಗಿಯ ಇಂಟರ್‌ವ್ಯೂ ಮಾಡಬೇಕಿತ್ತು. ಆ ಹುಡುಗಿಯ ರೆಸ್ಯೂಮು ತೆರೆದೇ ಇತ್ತು, ಒಂದಕ್ಷರ ಓದಲಾಗಲಿಲ್ಲ.

ಸಿಂಧನೂರಿನಲ್ಲಿ ನಮ್ಮ ಮನೆಗೂ ಆಪಾಳ ಮನೆಗೂ ನಡುವೆ ಒಂದೇ ಗೋಡೆ. ಕೆಳಗೆ ಅವಳ ಅಣ್ಣ ಹತ್ತಿ ತುಂಬಿ ಹಾಸಿಗೆ ಹೊಲಿಯುವ ಗಾದಿ ಅಂಗಡಿ, ಅದರ ಹಿಂದೆ ಮನೆ, ಮಾಳಿಗೆಯ ಮೇಲೆ ಹತ್ತಿ ತುಂಬಿಡುವ ಒಂದು ಖೋಲಿ. ಆ ಖೋಲಿಯೇ ಆಪಾಳ ಆಫೀಸು. ನನಗಿಂತ ಹತ್ತು ವರ್ಷ ದೊಡ್ಡವಳು. ಅವರ ಮನೆಯಲ್ಲಿ ಅಕ್ಕನಿಗೆ ಆಪಾ ಎನ್ನುತ್ತಾರೆ, ಹಾಗಾಗಿ ಓಣಿಗೆಲ್ಲ ಅವಳು ಆಪಾ. ದೂರದ ಊರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಇಂಜಿನಿಯರುಗಳನ್ನು ಹುಡುಕಿ, ಫೋನಿನಲ್ಲಿ ಮಾತಾಡಿಸಿ, ಕಾಳು ಯಾವುದು ಜೊಳ್ಳು ಯಾವುದು ನೋಡಿ ಕಳಿಸುವುದು ಅವಳ ಕೆಲಸ. ಅದಕ್ಕೆ ರಿಕ್ರೂಟರ್ ಅನ್ನುತ್ತಾರೆ ಎಂದು ಅವಳು ಎಷ್ಟು ಸಲ ಹೇಳಿದರೂ ಓಣಿಯವರಿಗೆ ನಂಬಿಕೆ ಇರಲಿಲ್ಲ. "ಬೆಂಗಳೂರಿನ ಮಂದಿಗೆಲ್ಲಾ ನೌಕರಿ ಕೊಡಸ್ತಾಳಂತ, ತಮ್ಮ ಅಣ್ಣಗ ಒಂದು ಕೊಡಸವಲ್ಲಳಲ್ಲ!" ಎಂದು ನಗುತ್ತಿದ್ದರು. ಅಣ್ಣನೂ ಅವರ ಜೊತೆ ಸೇರಿ ನಗುತ್ತಿದ್ದ.

ಸುತ್ತಲೂ ಹತ್ತಿಯ ಚೀಲ ಒಟ್ಟಿದ್ದರಿಂದ ಆ ಖೋಲಿಯಲ್ಲಿ ದನಿ ಗುಂಯ್‌ಗುಡುತ್ತಿರಲಿಲ್ಲ. ಫೋನಿನ ಆ ಕಡೆ ಇದ್ದವರು ಇವಳು ಯಾವುದೋ ಗಾಜಿನ ಆಫೀಸಿನಿಂದ ಮಾತಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರಂತೆ. ಇಲ್ಲಿ ನೋಡಿದರೆ ಅವಳ ಹುಬ್ಬಿನ ಮೇಲೂ ಹತ್ತಿಯ ಎಳೆ. ದಿನಕ್ಕೆ ಆರೇಳು ತಾಸು ಮಾತು. ಪಕ್ಕದಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ, ಅದರ ತುಂಬ ಲವಂಗ. ಒಂದು ಫೋನು ಮುಗಿದರೆ ಒಂದು ಲವಂಗ.

ನಾನು ಅವಳ ಕೈಗೆ ಸಿಕ್ಕಿದ್ದು ಕೆಟ್ಟ ಹೊತ್ತಿನಲ್ಲಿ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದ ತಿಂಗಳಿಗೇ ಅಪ್ಪ ಗೊರೇಬಾಳದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ನಮ್ಮದು ಬೀಜ, ಗೊಬ್ಬರದ ಅಂಗಡಿ. ಬಿತ್ತುವ ಕಾಲಕ್ಕೆ ಬಾಗಿಲು ಹಾಕಿದರೆ ಮುಗಿಯಿತು, ರೈತರು ಮತ್ತೆ ಈ ಕಡೆ ತಿರುಗಿ ನೋಡುವುದಿಲ್ಲ. ನಾನೇ ಕೂತೆ. ಅಪ್ಪ ಕೋಲು ಬಿಟ್ಟು ನಡೆಯುವ ಹೊತ್ತಿಗೆ ಎರಡೂವರೆ ವರ್ಷ ಆಗಿತ್ತು. ಜೊತೆಗೆ ಓದಿದವರೆಲ್ಲ ಎಲ್ಲೆಲ್ಲಿಗೋ ಸೇರಿಕೊಂಡಿದ್ದರು. ನನ್ನ ಹೆಸರಿನ ಮುಂದೆ ಉಳಿದದ್ದು ಒಂದೇ ಪದ, ಗ್ಯಾಪ್.

ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ರೆಸ್ಯೂಮು ಮಾಡಿಸಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನ ಇಂಜಿನಿಯರುಗಳ ರೆಸ್ಯೂಮು ಹುಟ್ಟುತ್ತಿದ್ದದ್ದು ಅಲ್ಲೇ. ಎಲ್ಲರ ಹವ್ಯಾಸ ಕ್ರಿಕೆಟ್ ಮತ್ತು ಹಾಡು ಕೇಳುವುದು, ಎಲ್ಲರ ಪ್ರಾಜೆಕ್ಟು ಆಸ್ಪತ್ರೆಯ ಪೇಷಂಟುಗಳ ದಾಖಲೆ. ಅದನ್ನು ಹಿಡಿದುಕೊಂಡೇ ಅಂತರ್ಜಾಲದಲ್ಲಿ ಒಂದು ಕಂಪನಿಗೆ ಅರ್ಜಿ ಹಾಕಿದೆ, ಕರೆಯೂ ಬಂತು. ಮನೆಯಲ್ಲೇ ಕೂತು ವಿಡಿಯೋದಲ್ಲಿ ಇಂಟರ್‌ವ್ಯೂ. ಆ ಕಡೆಯ ಸಾಹೇಬರು "ಈ ಎರಡೂವರೆ ವರ್ಷ ಏನು ಮಾಡಿದಿರಿ" ಎಂದದ್ದೇ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ತಡವರಿಸಿದೆ. ಕೊನೆಗೆ "ನಮಗೇನಾದರೂ ಕೇಳುವುದಿದೆಯೇ" ಎಂದರು. ಇಲ್ಲ ಸರ್ ಎಂದೆ. ಅಷ್ಟರಲ್ಲಿ ಅಪ್ಪ ನನ್ನ ಹಿಂದೆ ಬಂದು ನಿಂತು, ಪರದೆಗೆ ಕೈ ಮುಗಿದು, "ನಮಸ್ಕಾರ್ರೀ ಸಾಹೇಬ್ರ. ಚಾ ಆತೇನ್ರಿ?" ಎಂದ.

ಭೂಮಿ ಬಾಯಿಬಿಡಬಾರದೇ ಅನಿಸಿತು. ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಸಂಜೆ ಮಾಳಿಗೆಯಲ್ಲಿ ಮುಖ ಊದಿಸಿಕೊಂಡು ಕೂತವಳನ್ನು ಆಪಾ ಗೋಡೆಯ ಆಚೆಯಿಂದ ವಿಚಾರಿಸಿದಳು. ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ಹೊಟ್ಟೆ ಹಿಡಿದು ನಕ್ಕಳು.

"ನೌಕರಿ ನಿಮ್ಮಪ್ಪಗ ಕೊಡಬೇಕಿತ್ತು ಬೇ. ಅವ್ರೊಬ್ರಾರ ಒಂದು ಪ್ರಶ್ನೆ ಕೇಳ್ಯಾರ."

ಮರುದಿನದಿಂದ ನನ್ನ ಪಾಠ ಶುರುವಾಯಿತು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿಗೆ ನಾನು ಮಾಳಿಗೆಯ ಗೋಡೆ ದಾಟಿ ಹತ್ತಿ ಖೋಲಿಗೆ ಹೋಗುತ್ತಿದ್ದೆ. ಮೊದಲ ದಿನ ರೆಸ್ಯೂಮು ಓದಿದಳು. ಕೊನೆಯ ಸಾಲಿನಲ್ಲಿ ಸ್ಥಳ ಲಿಂಗಸುಗೂರು ಎಂದಿತ್ತು. ನಾನು ಬಸ್ಸು ಬದಲಿಸುವುದು ಬಿಟ್ಟರೆ ಆ ಊರಿನಲ್ಲಿ ಇಳಿದವಳಲ್ಲ. ಝೆರಾಕ್ಸ್ ಅಂಗಡಿಯವನು ಯಾರದೋ ಅಳಿಸಿ ನನ್ನದು ತುಂಬುವಾಗ ಅದೊಂದು ಉಳಿದುಬಿಟ್ಟಿತ್ತು. ಆಪಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಲವಂಗದ ಡಬ್ಬಿಯ ಕೆಳಗೆ ಇಟ್ಟಳು. ಅದು ಆಮೇಲೆ ಅಲ್ಲಿಂದ ಏಳಲೇ ಇಲ್ಲ.

ಹತ್ತು ನಿಮಿಷ ಮಾತಾಡಲು ಬರದ ವಿಷಯವನ್ನು ಬರೆಯಬೇಡ ಎನ್ನುತ್ತಿದ್ದಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಆದರೆ ಅಲ್ಲಿಗೇ ನಿಲ್ಲಬೇಡ, ಹೇಗೆ ಹುಡುಕುತ್ತೀ ಅದನ್ನು ಹೇಳು. ಪ್ರೋಗ್ರಾಂ ಬರೆಯಲು ಕೊಟ್ಟರೆ ಮನಸ್ಸಿನಲ್ಲೇ ಲೆಕ್ಕ ಹಾಕಬೇಡ, ಬಾಯಿಬಿಟ್ಟು ಯೋಚಿಸು, ಕೇಳುವವರಿಗೆ ನಿನ್ನ ದಾರಿ ಕಾಣಲಿ. ಒಮ್ಮೆ ನಾನು ಮೆಲ್ಲಗೆ ಇನ್ನೊಂದು ದಾರಿಯ ಮಾತು ತೆಗೆದೆ. ನನ್ನ ಜೊತೆ ಓದಿದ ಇಬ್ಬರು ಎಲ್ಲಿಂದಲೋ ಸುಳ್ಳು ಅನುಭವದ ಪತ್ರ ತಂದು ಕೆಲಸ ಹಿಡಿದಿದ್ದರು. ಆಪಾ ಸಿಟ್ಟಾಗಲಿಲ್ಲ. "ಸುಳ್ಳಿಗೆ ನೆನಪು ಭಾಳ ಬೇಕಾಗತೈತಿ ಬೇ. ನಿನಗ ನಿನ್ನೆ ಏನ್ ಉಂಡಿ ಅಂಬೋದ ನೆನಪಿರಂಗಿಲ್ಲ" ಎಂದಳು. ಆಮೇಲೆ ಕೇಳಿದಳು, "ಗ್ಯಾಪ್ ಅಂದ್ರ ಏನ್? ಎರಡೂವರೆ ವರ್ಷ ಮಕ್ಕೊಂಡಿದ್ದೇನು?"

ಮಲಗಿರಲಿಲ್ಲ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ಬೀಜದ ಪ್ರತಿ ಚೀಲದ ಮೇಲೂ ಒಂದು ಲಾಟ್ ನಂಬರ್, ಅಂದರೆ ಅದು ಯಾವ ಕಂತಿನ ಬೀಜ ಎಂಬ ಗುರುತು, ಇರುತ್ತದೆ. ಯಾವ ಲಾಟಿನ ಚೀಲ ಯಾವ ರೈತನಿಗೆ ಹೋಯಿತು ಎಂದು ಅದು ನೆನಪಿಡುತ್ತಿತ್ತು. ದಢೇಸುಗೂರಿನಿಂದ ಸಂತೆಕಲ್ಲೂರಿನ ತನಕ ಎಲ್ಲ ಗಿರಾಕಿಗಳು ಅದರಲ್ಲಿದ್ದರು. ಇದನ್ನು ಕೇಳಿ ಆಪಾಳ ಕಣ್ಣು ದೊಡ್ಡದಾಯಿತು. ನಾನು ಮಾತು ಮುಗಿಸಿದೆ. ಅವಳು ಒಂದು ಲವಂಗ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು. "ಏನ್ ಹೇಳ್ಲಾರದ ಬಿಟ್ಟಿ?"

ಅದು ಅವಳು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ. ಎಷ್ಟೋ ಜನ ಅದಕ್ಕೆ ಫೋನು ಇಟ್ಟುಬಿಡುತ್ತಿದ್ದರಂತೆ. ನಾನು ಎದ್ದು ಹೋಗಬಹುದಿತ್ತು... ಹೋಗಲಿಲ್ಲ. ಅವತ್ತಿನ ತನಕ ಯಾರಿಗೂ ಹೇಳದ್ದನ್ನು ಹತ್ತಿಯ ಚೀಲಕ್ಕೆ ಒರಗಿ ಹೇಳಿದೆ.

ಒಂದು ಹಿಂಗಾರಿಗೆ ಬಿಳಿಜೋಳದ ಒಂದು ಲಾಟು ಮೊಳಕೆ ಒಡೆಯಲಿಲ್ಲ. ಮೊದಲು ಬಿತ್ತಿದ ರೈತ ಬಂದು ಹೇಳಿದ ಕೂಡಲೇ ಪ್ರೋಗ್ರಾಂ ತೆರೆದು, ಆ ಲಾಟು ಒಯ್ದವರಿಗೆಲ್ಲ ಬಿತ್ತಬೇಡಿ ಎಂದು ಫೋನು ಮಾಡಿದೆ. ಬೀಗುತ್ತಿದ್ದೆ. ಆದರೆ ನಮ್ಮ ಕಡೆ ಊರಿಗೆ ನಾಲ್ಕು ಜನ ಅಮರೇಶಪ್ಪ. ನಾನು ಗಿರಾಕಿಗಳನ್ನು ಗುರುತಿಸಿದ್ದು ಹೆಸರು ಮತ್ತು ಊರಿನಿಂದ. ಸಂತೆಕಲ್ಲೂರಿನ ಇಬ್ಬರು ಅಮರೇಶಪ್ಪರು ಅದೇ ಬೀಜ ಒಯ್ದಿದ್ದರು. ಪ್ರೋಗ್ರಾಂ ಇಬ್ಬರನ್ನೂ ಒಬ್ಬನೆಂದು ತಿಳಿದು ಮೊದಲನೆಯವನ ನಂಬರಿನ ಮೇಲೆ ಎರಡನೆಯವನ ನಂಬರು ಬರೆದುಬಿಟ್ಟಿತ್ತು. ಮೊದಲನೆಯವನಿಗೆ ಫೋನು ಹೋಗಲಿಲ್ಲ, ಆತ ಹೊಲವೆಲ್ಲ ಬಿತ್ತಿದ. ಹದಿನೈದು ದಿನ ಬಿಟ್ಟು ಅಂಗಡಿಗೆ ಬಂದು ಖಾಲಿ ಚೀಲವನ್ನು ಮಡಿಚಿ ಎದುರಿಗಿಟ್ಟ. ಕೂಗಾಡಲಿಲ್ಲ. "ಎಲ್ಲಾರಿಗೂ ಫೋನ್ ಮಾಡೀಯಂತ. ನನಗ್ಯಾಕ ಮಾಡ್ಲಿಲ್ಲ ತಂಗಿ?" ಎಂದ. ಅಪ್ಪ ಹಾಸಿಗೆಯಿಂದಲೇ ಹೇಳಿ ಆತನಿಗೆ ಬದಲಿಗೆ ಬಿತ್ತಲು ಕಡಲೆ ಕೊಡಿಸಿದ. ಹೊಲದ ಹಸಿ ಇನ್ನೂ ಪೂರ್ತಿ ಆರಿರಲಿಲ್ಲ, ಕಡಲೆ ಬಂತು. ನಾನು ಅವತ್ತೇ ಪ್ರೋಗ್ರಾಂ ತಿದ್ದಿ ಪ್ರತಿಯೊಬ್ಬರಿಗೂ ಬೇರೆ ಗುರುತು ಕೊಟ್ಟೆ. ಆದರೆ ಆ ಮಡಿಚಿದ ಚೀಲ ನನ್ನ ಕಣ್ಣಿನಿಂದ ಹೋಗಲಿಲ್ಲ.

ಆಪಾ ಲವಂಗದ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಆಮೇಲೆ, ಕಂಪನಿಯವರಿಗೆ ಇದನ್ನೇ ಹೇಳು ಎಂದಳು. ಅದು ತಪ್ಪಲ್ಲವೇ ಆಪಾ, ಎಂದೆ.

"ತಪ್ಪ ಮಾಡಿಲ್ಲ ಅನ್ನೋರ ಸಂಗಾಟ ನಾ ದಿನಾ ಮಾತಾಡ್ತೀನಿ. ಅವ್ರು ಕೆಲಸಾನೂ ಮಾಡಿರಂಗಿಲ್ಲ."

ಪ್ರತಿ ಪಾಠದ ಕೊನೆಗೆ ಅವಳು ಕಂಪನಿಯವಳಂತೆ ಬೆನ್ನು ನೆಟ್ಟಗೆ ಮಾಡಿ, "ನನಗೇನಾರ ಕೇಳೂದು ಐತೇನು?" ಎನ್ನುತ್ತಿದ್ದಳು. ನಾನು ಏನಿಲ್ಲ ಆಪಾ ಎನ್ನುತ್ತಿದ್ದೆ. ನಮ್ಮಲ್ಲಿ ದೊಡ್ಡವರು ಮಾತು ಮುಗಿಸಿದರೆ ಮುಗಿಯಿತು. ಉಂಡಿರೇ, ಚಹಾ ಆಯಿತೇ ಎಂದು ನೂರು ಸಲ ಕೇಳಬಹುದು, ಅದರ ಆಚೆ ಕೇಳಿದರೆ ಹುಡುಗಿ ಬಾಯಿ ಮಾಡುತ್ತಾಳೆ ಎನ್ನುತ್ತಾರೆ. ಆ ಅಭ್ಯಾಸ ಬಿಡಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೇಳದೆ ಎದ್ದು ಬಂದರೆ ಅವರ ಬಗ್ಗೆ ನಿನಗೆ ಏನೂ ಅನಿಸಿಲ್ಲ ಅಂತ ಅರ್ಥ, ಎನ್ನುತ್ತಿದ್ದಳು.

ಪುಣೆಯ ಒಂದು ಕಂಪನಿಗೆ ಅವಳೇ ನನ್ನ ಹೆಸರು ಕಳಿಸಿದಳು. ಇಂಟರ್‌ವ್ಯೂಗೆ ಹತ್ತಿ ಖೋಲಿಯಲ್ಲಿ ಕೂತೆ. ಕೆಳಗೆ ಅವಳ ಅಣ್ಣ ಆ ಒಂದು ತಾಸು ಹತ್ತಿ ಹಿಂಜುವ ಮಷೀನು ಬಂದ್ ಮಾಡಿದ. ಮಾಳಿಗೆ ಹತ್ತಬಾರದು ಎಂದು ಅಪ್ಪನಿಂದ ಮಾತು ತೆಗೆದುಕೊಂಡು ಅವನನ್ನು ಹೊಸ ಗಾದಿಯ ಮೇಲೆ ಕೂರಿಸಿ ಚಹಾ ಕೊಟ್ಟಿದ್ದರು. ಪರದೆಯ ಆ ಕಡೆ ಒಬ್ಬ ಹೆಂಗಸು. ಗ್ಯಾಪ್ ಕೇಳಿದಳು, ಅಂಗಡಿಯ ಕಥೆ ಹೇಳಿದೆ. ಎಡವಿದ್ದನ್ನು ಕೇಳಿದಳು, ಅಮರೇಶಪ್ಪನ ವಿಷಯ ಹೇಳಿದೆ. ಅವಳು ಬರೆಯುವುದು ಬಿಟ್ಟು, ಆ ರೈತನಿಗೆ ಆಮೇಲೆ ಏನಾಯಿತು ಎಂದಳು. ಕೊನೆಗೆ ನನ್ನ ಸರದಿ ಬಂತು. ನಿಮ್ಮಲ್ಲಿ ಯಾರಾದರೂ ತಪ್ಪು ಮಾಡಿದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದೆ. ಅದಕ್ಕೆ ಅವಳು ಬಹಳ ಹೊತ್ತು ಉತ್ತರ ಹೇಳಿದಳು. ವಾರದಲ್ಲಿ ಪತ್ರ ಬಂತು, ಸಿಂಧನೂರಿನ ಮನೆಯಿಂದಲೇ ಕೆಲಸ.

ಪೇಡೆ ತೆಗೆದುಕೊಂಡು ಮಾಳಿಗೆ ಹತ್ತಿದೆ. ಆಪಾ ನನ್ನ ಎರಡೂ ಕೆನ್ನೆ ಹಿಡಿದು ಜೋರಾಗಿ ಅಲುಗಾಡಿಸಿದಳು. ಅವಳ ದನಿ ಅವತ್ತು ಒರಟಾಗಿತ್ತು, ಕೆಲವು ಮಾತು ಬರೀ ಗಾಳಿಯಾಗಿ ಬರುತ್ತಿದ್ದವು. ಲವಂಗದ ಡಬ್ಬಿ ತಳ ಕಂಡಿತ್ತು. ಹಳೆಯ ಆಟದಂತೆ ಬೆನ್ನು ನೆಟ್ಟಗೆ ಮಾಡಿ, "ನನಗೇನಾರ ಕೇಳೂದು ಐತೇನ್ ಬೇ?" ಎಂದಳು.

"ಏನಿಲ್ಲ ಆಪಾ."

"ಇಷ್ಟ ಕಲಿಸಿದ್ರೂ ಇಷ್ಟನಾ!" ಎಂದು ನಕ್ಕಳು. ನಗು ಕೆಮ್ಮಾಯಿತು. ನಾನು ಪೇಡೆಯ ಡಬ್ಬಿ ಅಲ್ಲೇ ಇಟ್ಟು, ಇನ್ನೂ ನಾಲ್ಕು ಮನೆಗೆ ಹಂಚಬೇಕು ಎಂದು ಇಳಿದು ಬಂದೆ.

ಆಮೇಲೆ ನನಗೆ ಕೆಲಸ, ಮೀಟಿಂಗು... ಗೋಡೆಯ ಆಚೆ ರಾತ್ರಿ ಹಗಲು ಕೆಮ್ಮು ಕೇಳುತ್ತಿತ್ತು. ಹತ್ತಿ ಧೂಳು ಎಂದು ಅವಳು ಹೇಳುತ್ತಿದ್ದಳು, ಹತ್ತಿ ಧೂಳು ಎಂದು ನಾವೂ ನಂಬಿದೆವು. ಗಾದಿ ಅಂಗಡಿಯ ಮನೆಯಲ್ಲಿ ಯಾರಿಗೆ ಕೆಮ್ಮಿಲ್ಲ? ರಂಜಾನ್ ಬರುವಷ್ಟರಲ್ಲಿ ಅವಳು ಫೋನು ಬಿಟ್ಟು ಬರೀ ಮೆಸೇಜು ಬರೆಯುತ್ತಿದ್ದಳು. ಹೈದರಾಬಾದಿಗೆ ಕರೆದುಕೊಂಡು ಹೋದಾಗ ಡಾಕ್ಟರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರಂತೆ. ಗಂಟಲಿನಲ್ಲಿ ಗಂಟು. ಮುಂದಿನ ರಂಜಾನ್ ಅವಳು ನೋಡಲಿಲ್ಲ. ಮಣ್ಣು ಕೊಟ್ಟ ದಿನ ಅವಳ ಅಮ್ಮಿ ನನ್ನ ಕೈ ಹಿಡಿದುಕೊಂಡು, "ಯಾರೂ ಕೇಳ್ಲಿಲ್ಲ ಬೇಟಿ, ಅಕಿನೂ ಹೇಳ್ಲಿಲ್ಲ" ಎಂದರು. ಅವರು ನನಗೆ ಚುಚ್ಚಿ ಹೇಳಿದ್ದಲ್ಲ. ಆದರೂ ಚುಚ್ಚಿತು, ಇವತ್ತಿಗೂ ಚುಚ್ಚುತ್ತದೆ. ಏನು ಹೇಳದೆ ಬಿಟ್ಟೆ ಎಂದು ಎಲ್ಲರಿಗೂ ಕೇಳಿದವಳಿಗೆ ನಾನು ಒಂದು ಸಲ ತಿರುಗಿ ಕೇಳಿದ್ದರೆ...

ಹತ್ತು ನಿಮಿಷ ಮುಗಿದು ಮಸ್ಕಿಯ ಹುಡುಗಿ ಪರದೆಯ ಮೇಲೆ ಬಂದಳು. ಚೆನ್ನಾಗಿಯೇ ಉತ್ತರ ಹೇಳಿದಳು, ಎರಡು ಕಡೆ ಗೊತ್ತಿಲ್ಲ ಎಂದಳು. ಹೆದರಿಕೆ ಹೋಗಲಿ ಎಂದು ನಾನು ನಡುವೆ ಕನ್ನಡಕ್ಕೆ ಇಳಿದೆ. ಕೊನೆಗೆ, ನನಗೇನಾದರೂ ಕೇಳುವುದಿದೆಯೇ ಎಂದೆ. ಏನಿಲ್ರಿ ಮೇಡಂ, ಎಂದಳು. ನಾನು ಕಾಯುತ್ತೇನೆ, ಯೋಚನೆ ಮಾಡು ಎಂದೆ. ಅವಳು ತಲೆ ಬಗ್ಗಿಸಿದಳು, ಮತ್ತೆ ಎತ್ತಿದಳು.

"ಮೇಡಂ, ನಿಮ್ಮ ದನಿ ಭಾಳ ಕಟ್ಟೇತ್ರಿ. ದವಾಖಾನಿಗೆ ತೋರಿಸ್ಕೊಂಡ್ರೇನ್ರಿ?"

ನನ್ನ ಬಾಯಲ್ಲಿ ಲವಂಗ ಇತ್ತು. ಅದನ್ನು ದವಡೆಗೆ ಸರಿಸಿದೆ. ಇದು ಬರೀ ನೆಗಡಿ ಎಂದು ನನಗೆ ಗೊತ್ತು. ಆದರೂ, "ಇಲ್ಲವ್ವ, ಇವತ್ತ ಹೋಗ್ತೀನಿ" ಎಂದೆ. ಅವಳು ಪರದೆಯಿಂದ ಹೋದ ಮೇಲೆ ಕಂಪನಿಯ ಫಾರ್ಮು ತುಂಬಲು ಕೂತೆ. ಅಭ್ಯರ್ಥಿ ನಮಗೆ ಏನಾದರೂ ಪ್ರಶ್ನೆ ಕೇಳಿದರೇ ಎಂದು ಅದರಲ್ಲಿ ಒಂದು ಸಾಲು ಇದೆ. ಕೇಳಿದಳು ಎಂದು ಬರೆದೆ. ನಾನು ಕೇಳಬೇಕಿದ್ದದ್ದನ್ನೇ ಕೇಳಿದಳು ಎಂದು ಬರೆಯಲು ಅಲ್ಲಿ ಜಾಗ ಇರಲಿಲ್ಲ.